ಡಾಕ್ಟರು ಪರೀಕ್ಷೆ ಮಾಡಿದ ಹನ್ನೊಂದು ತೋಟೆಗಳು

ಐತಪ್ಪಣ್ಣನ ಬಗ್ಗೆ ಬರೆಯಬೇಕಾದರೆ ಮೊದಲು ಡಾಕ್ಟರ್ ದೇವೇಂದ್ರ ಅವರನ್ನು ಹೊಗಳಬೇಕು. ಮಲೇಷ್ಯಾದ ನಮ್ಮ ಕನ್ನಡದವರ ಕ್ರಮವೇ ಹಾಗೆ, ಯಾವ ಕಾರ್ಯಕ್ರಮವಾದರೂ ಮುಂದಿನ ಕುರ್ಚಿ ಡಾಕ್ಟರಿಗೆ. ಮಣಿಪಾಲದಲ್ಲಿ ಓದಿ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸುವ ಅವರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಯುಗಾದಿಗೆ ಪಂಚಾಂಗದ ಬಗ್ಗೆ ಭಾಷಣ, ರಾಜ್ಯೋತ್ಸವಕ್ಕೆ ಹೊಯ್ಸಳ ಶಿಲ್ಪದ ಬಗ್ಗೆ, ಊಟದ ಸಾಲಿನಲ್ಲಿ ಸಾಂಬಾರಿನ ಬಗ್ಗೆ. ಎರಡು ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿ, ರೈಫಲ್ ಕೊಂಡು ನಮ್ಮ ಶೂಟಿಂಗ್ ಕ್ಲಬ್ ಸೇರಿದರು. ಆರೇ ತಿಂಗಳಲ್ಲಿ ಬಂದೂಕಿನ ವಿಷಯವೂ ಕಲಿತು ಮುಗಿಯಿತು.

ಐತಪ್ಪಣ್ಣನಿಗೆ ಗೊತ್ತಿದ್ದದ್ದು ಒಂದೇ ವಿಷಯ. ಸುಳ್ಯದ ಕಡೆಯವರು. ಕ್ಲಾಂಗ್ ಬಂದರಿನ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುತ್ತಿದ್ದವರನ್ನು ಕ್ಲಬ್ಬಿನವರು ನಿಲಾಯ್ ಹತ್ತಿರದ ನಮ್ಮ ಮೈದಾನಕ್ಕೆ ಕರೆತಂದು ಹದಿನೇಳು ವರ್ಷವಾಯಿತು. ಸದಸ್ಯರು ಹೊಡೆದ ಖಾಲಿ ತೋಟೆಗೆ ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು, ತೂಗಿದ ಮದ್ದು, ಹೊಸ ಗುಂಡು ಹಾಕಿ ಮತ್ತೆ ತುಂಬಿಸುವುದು ಅವರ ಕೆಲಸ. ಪೊಲೀಸರ ಅನುಮತಿ ಪತ್ರದಲ್ಲಿ ಇರುವ ಹೆಸರು ಅವರದೊಂದೇ. ಆ ಹೆಸರು ಹೊಡೆದುಹಾಕಿದರೆ ಕೆಲಸದ ವೀಸಾವೂ ಹೋದಂತೆ, ತಿಂಗಳೊಳಗೆ ಮಂಗಳೂರಿನ ವಿಮಾನ.

ತುಂಬಿಸುವ ಮೊದಲು ಪ್ರತಿ ಖಾಲಿ ತೋಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಳಗೆ ಒತ್ತಡ ಹೆಚ್ಚಾಗಿದ್ದರೆ ಹಿತ್ತಾಳೆಯ ಮೇಲೆ ಗುರುತು ಉಳಿಯುತ್ತದೆ. ತಳದಲ್ಲಿ ಹೊಳೆಯುವ ಕಲೆ ಇರಬಹುದು, ಕೇಪು ಕೂರುವ ಗುಳಿ ಸಡಿಲವಾಗಿರಬಹುದು, ಕೇಪು ಚಪ್ಪಟೆಯಾಗಿರಬಹುದು. ಆದರೆ ಐತಪ್ಪಣ್ಣ ಒಂದೇ ಗುರುತು ನೋಡಿ ತೀರ್ಪು ಕೊಟ್ಟವರಲ್ಲ. ಯಾವ ಕೋವಿ, ಎಷ್ಟನೇ ಸಲ, ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಎತ್ತುವಾಗ ಕೈಗೆ ಬಿಗಿಯಾಯಿತೇ ಎಂದು ಕೇಳಿ ಕೇಳಿ ಜೀವ ತಿನ್ನುತ್ತಿದ್ದರು. ನನಗೇ ಎಷ್ಟೋ ಸಲ ರೇಗಿದೆ.

ಈ ಮಾರ್ಚಿನಲ್ಲಿ ಡಾಕ್ಟರು ಐತಪ್ಪಣ್ಣ ತುಂಬಿಸಿಕೊಟ್ಟ ಇಪ್ಪತ್ತು ತೋಟೆಯ ಒಂದು ಪೆಟ್ಟಿಗೆಯಿಂದ ಹನ್ನೊಂದು ಹೊಡೆದರು. ಹನ್ನೊಂದರ ಕೇಪೂ ಚಪ್ಪಟೆ. ಐತಪ್ಪಣ್ಣ ಎಂದಿನಂತೆ, ಬೋಲ್ಟಿಗೆ ಏನಾದರೂ ಮಾಡಿದ್ದೀರಾ ಎಂದು ಕೇಳಿದರು. ನಿನ್ನ ಕೆಲಸ ನೀನು ನೋಡಿಕೋ ಎಂದರು ಡಾಕ್ಟರು. ಖಾಲಿ ತೋಟೆಗಳನ್ನು ಐತಪ್ಪಣ್ಣನ ಕೈಗೂ ಕೊಡದೆ ಮೆಲಾಕಾಕ್ಕೆ ಒಯ್ದರು. ಅಲ್ಲಿ ಒಂದೊಂದನ್ನೂ ಒಂದೊಂದು ಸೀಸೆಗೆ ಹಾಕಿ, ಚೀಟಿ ಅಂಟಿಸಿ, ಫಾರ್ಮಲಿನ್ ತುಂಬಿದರು. ಹಿತ್ತಾಳೆ ಕೊಳೆತುಹೋದೀತೆಂಬ ಭಯವೋ, ಕೈ ಅಭ್ಯಾಸವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೈಕ್ರೋಸ್ಕೋಪಿನಡಿ ಫೋಟೋ ತೆಗೆದು ಮೂವತ್ತಾರು ಸ್ಲೈಡುಗಳ ವರದಿ ಕಳಿಸಿದರು. ಮದ್ದು ಮಿತಿ ಮೀರಿದೆ, ತುಂಬಿಸಿದವನನ್ನು ಕೆಲಸದಿಂದ ದೂರವಿಡಿ ಎಂಬುದು ಅದರ ಸಾರ.

ಕ್ಲಬ್ಬಿನ ಕಾರ್ಯದರ್ಶಿ ನಾನು. ಹೊಟ್ಟೆಪಾಡು ಕ್ಲಾಂಗಿನಲ್ಲಿ ಕಂಟೇನರ್ ಸಾಗಿಸುವ ಕಂಪನಿಯಲ್ಲಿ. ವರದಿಯ ಕೊನೆಗಿದ್ದ ಡಿಗ್ರಿಗಳ ಸಾಲು ನೋಡಿಯೇ ನನಗೆ ಬೆವರಿತು. ವಿಚಾರಣೆ ಮುಗಿಯುವ ತನಕ ಐತಪ್ಪಣ್ಣ ಕೆಲಸಕ್ಕೆ ಬರಬಾರದೆಂದು ಅದೇ ದಿನ ಪತ್ರ ಬರೆದು ಸಹಿ ಹಾಕಿದೆ. ಅವರನ್ನು ಕರೆದು ಒಂದು ಮಾತು ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಿಚಾರಣೆ ಒಂದು ಶನಿವಾರ ಬೆಳಿಗ್ಗೆ, ಮೈದಾನದಲ್ಲೇ. ಅಧ್ಯಕ್ಷ ಹಾಜಿ ರುಸ್ಲಾನ್, ಸಮಿತಿಯ ನಾಲ್ವರು, ಹಿಂದಿನ ಬೆಂಚಿನಲ್ಲಿ ಐತಪ್ಪಣ್ಣ. ಮೂವತ್ತಾರೂ ಸ್ಲೈಡು ನೋಡಿದೆವು. ಒಬ್ಬ ಸದಸ್ಯರು ತೂಕಡಿಸಿದರು. ಆಮೇಲೆ ಡಾಕ್ಟರು ಪ್ರಾತ್ಯಕ್ಷಿಕೆ ಎಂದರು. ಉಳಿದ ಒಂಬತ್ತು ತೋಟೆಗಳಲ್ಲಿ ಒಂದನ್ನು ನಮ್ಮೆದುರೇ ಹೊಡೆಯುವುದು, ಕೇಪು ಹೇಗೆ ಚಪ್ಪಟೆಯಾಗುತ್ತದೆಂದು ನಾವು ಬಿಸಿಬಿಸಿಯಾಗಿ ನೋಡುವುದು. ಮಲಗಿ, ತೋಟೆ ಹಾಕಿ ಬೋಲ್ಟ್ ಮುಚ್ಚಿದರು. ಬೋಲ್ಟಿನ ಹಿಡಿ ಯಾವ ತಡೆಯೂ ಇಲ್ಲದೆ ತನ್ನಷ್ಟಕ್ಕೆ ಕೆಳಗೆ ಬಿತ್ತು.

ಐತಪ್ಪಣ್ಣ ಎದ್ದು ಬಂದು ಬೋಲ್ಟಿನ ಮೇಲೆ ಅಂಗೈ ಒತ್ತಿ ಹಿಡಿದು ಹೊಡೆಯದಂತೆ ತಡೆದರು. ಡಾಕ್ಟರು ನಮ್ಮ ಕಡೆ ತಿರುಗಿ, ನೋಡಿ, ತಾನು ತುಂಬಿಸಿದ ಮದ್ದಿಗೆ ತಾನೇ ಹೆದರುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸುಳ್ಳು ಏಕೆ ಹೇಳಲಿ, ನನಗೂ ಹಾಗೇ ಅನ್ನಿಸಿತು.

ಐತಪ್ಪಣ್ಣ ವಾದಕ್ಕೆ ನಿಲ್ಲಲಿಲ್ಲ. ಡಾಕ್ಟರ ಪೆಟ್ಟಿಗೆ ತುಂಬಿಸಿದ ದಿನವೇ, ಅದೇ ಮದ್ದು, ಅದೇ ತೂಕದಲ್ಲಿ ಹಾಜಿಯವರಿಗೆಂದು ತುಂಬಿಸಿದ್ದ ತೋಟೆಗಳನ್ನು ಅವರದೇ ರೈಫಲಿನಲ್ಲಿ ಹೊಡೆಯಲು ಹೇಳಿದರು. ಐದು ಈಡು. ಬೋಲ್ಟ್ ಸಲೀಸಾಗಿ ಮೇಲೆದ್ದಿತು, ಕೇಪಿನ ಅಂಚು ದುಂಡಗೇ ಇತ್ತು. ಆಮೇಲೆ ಡಾಕ್ಟರ ಸೀಸೆಯಿಂದ ಒಂದು ತೋಟೆ ತೆಗೆದು, ತುದಿ ಬಗ್ಗಿಸಿದ ತಂತಿಯನ್ನು ಒಳಗಿಳಿಸಿ ತೋಟೆಯ ಒಳಮೈಗೆ ತಾಗಿಸಿ ಮೇಲೆಳೆದರು. ನನ್ನ ಕೈಗೂ ಕೊಟ್ಟರು. ತಳದಿಂದ ಸ್ವಲ್ಪ ಮೇಲೆ ತಂತಿ ಸಿಕ್ಕಿಕೊಂಡಿತು. ಗರಗಸದಲ್ಲಿ ಸೀಳಿ ನೋಡಿದರೆ ಅಲ್ಲಿ ಸುತ್ತಲೂ ಗೀರು, ಹಿತ್ತಾಳೆ ಕಾಗದದಷ್ಟು ತೆಳ್ಳಗೆ. ಮೂವತ್ತಾರು ಸ್ಲೈಡುಗಳಲ್ಲಿ ತೋಟೆಯ ಒಳಗಿನ ಚಿತ್ರ ಒಂದೂ ಇರಲಿಲ್ಲ.

"ಡಾಕ್ಟ್ರೇ, ಬೋಲ್ಟ್ ಉಜ್ಜಿದ್ದು ಉಂಟಾ?" ಎಂದು ಮತ್ತೆ ಕೇಳಿದರು ಐತಪ್ಪಣ್ಣ.

ಉಜ್ಜಿದ್ದರು. ಬೋಲ್ಟ್ ಬೆಣ್ಣೆಯಂತೆ ತಿರುಗಲೆಂದು, ಯಾವುದೋ ವಿಡಿಯೋ ನೋಡಿ, ಇಂಜಿನ್ ವಾಲ್ವಿಗೆ ಹಚ್ಚುವ ಪೇಸ್ಟ್ ಹಾಕಿ ಮೂರು ಸಂಜೆ. ಪ್ರಾತ್ಯಕ್ಷಿಕೆ ಚೆನ್ನಾಗಿ ಕಾಣಲೆಂದು ಮೊನ್ನೆ ಇನ್ನೂ ಎರಡು ಸಂಜೆ. ಉಜ್ಜಿದಷ್ಟೂ ಕಚ್ಚುವ ಹಲ್ಲು ಸವೆದು ಬೋಲ್ಟ್ ಹಿಂದೆ ಸರಿದು, ತೋಟೆಯ ಬೆನ್ನಿಗೆ ಸಂದು ಬಿದ್ದಿತ್ತು. ಈಡು ಹೊಡೆದಾಗ ಕೇಪು ಮೊದಲು ಹೊರಬಂದು, ತೋಟೆ ಜಗ್ಗಿಕೊಂಡು ಹಿಂದಕ್ಕೆ ಬಡಿದು ಅದನ್ನು ಚಪ್ಪಟೆ ಮಾಡುತ್ತಿತ್ತು. ಮದ್ದಿನ ತಪ್ಪು ಏನೂ ಇರಲಿಲ್ಲ. ಇನ್ನೂ ಉಜ್ಜಿದ ಈ ಬೋಲ್ಟಿನಲ್ಲಿ ತೋಟೆ ಹರಿದಿದ್ದರೆ ಬಿಸಿ ಗಾಳಿ ಬರುತ್ತಿದ್ದದ್ದು ಡಾಕ್ಟರ ಕಣ್ಣಿಗೇ.

ರೋಗಿಯ ಪೂರ್ವಾಪರ ಬರೆಯದೆ ಗಡ್ಡೆ ಕತ್ತರಿಸಿ ಕಳಿಸುವ ಸರ್ಜನ್‌ಗಳನ್ನು ಈ ಮಹಾನುಭಾವರು ಪ್ರತಿ ಊಟದಲ್ಲೂ ಬೈಯುತ್ತಾರೆ. ತಮ್ಮ ಕೋವಿಯ ಪೂರ್ವಾಪರ ಕೇಳಿದ ಒಬ್ಬನೇ ಒಬ್ಬನ ಬಾಯಿ ಮುಚ್ಚಿಸಿದ್ದರು. ಈಗಲೂ ಸುಮ್ಮನಿರಲಿಲ್ಲ.

"ಮೊದಲೇ ಹೇಳ್ಬೋದಿತ್ತಲ್ಲ ಐತಪ್ಪ, ಇಷ್ಟೆಲ್ಲಾ ಡ್ರಾಮಾ ಬೇಕಿರ್ಲಿಲ್ಲ."

ಐತಪ್ಪಣ್ಣ ತಂತಿ ಒರೆಸತೊಡಗಿದರು. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಹಾಜಿಯವರು ಬೆನ್ನು ತಟ್ಟಿದರು. ಎಲ್ಲರೂ ತೆಹ್ ತಾರಿಕ್ ಚಹಾ ಕುಡಿಯಲು ಹೊರಟರು. ನಾನು ಹತ್ತಿರ ಹೋಗಿ, ಬೇಜಾರು ಮಾಡಿಕೊಳ್ಳಬೇಡಿ, ಕೊನೆಗೆ ಸತ್ಯ ಗೊತ್ತಾಯಿತಲ್ಲ ಎಂದೆ.

"ಗೊತ್ತಾಯ್ತು ಮಾರಾಯ್ರೆ," ಎಂದರು ತಂತಿ ಒರೆಸುತ್ತಾ. "ನಾನು ಕೈ ಇಡದೆ ಸುಮ್ಮನೆ ಕೂತಿದ್ರೆ ಕೋವಿ ಒಡೀತಿತ್ತು. ತೋಟೆ ತುಂಬ್ಸಿದ್ದು ಯಾರು ಅಂತ ಪೊಲೀಸರು ಬರ್ತಿದ್ರು. ಆಗ ನೀವು ಅವರಿಗೆ ಎಂತ ತೋರಿಸ್ತಿದ್ರಿ?"

ತೋರಿಸಲು ನನ್ನ ಬಳಿ ಇದ್ದದ್ದು ನಾನೇ ಬರೆದ ಪತ್ರ. ಅದರಲ್ಲಿ 'ಬೇಜವಾಬ್ದಾರಿತನ' ಎಂಬ ಮಾತು ಇತ್ತು. ಡಾಕ್ಟರ ಮೂವತ್ತಾರು ಸ್ಲೈಡುಗಳಲ್ಲಿ ಆ ಮಾತು ಎಲ್ಲೂ ಇರಲಿಲ್ಲ, ಪತ್ರಕ್ಕೆ ತೂಕ ಬರಲೆಂದು ನಾನೇ ಸೇರಿಸಿದ್ದೆ.