ಸೀಸೆಯ ಮೇಲಿನ ಚೌಕ

ಜನವರಿ ೯, ಶುಕ್ರವಾರ. ಆಕರ: ಜನ್ನಾಪುರದ ನಮ್ಮ ಬೀದಿಯಲ್ಲಿ ಹಿಂದೆ ಲಸಿಕೆ ಹಾಕುತ್ತಿದ್ದ ಸಿಸ್ಟರ್ ಬರೆದಿಟ್ಟ ಪುಸ್ತಕ. ಐದು ವರ್ಷದ ಮೊಮ್ಮಗಳು ದಡಾರ ಬಂದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಳೆ. ಲಸಿಕೆ ಹಾಕಿಸಿದ ಮೇಲೂ ಹೀಗೇಕಾಯಿತೆಂದು, ಸಿಸ್ಟರ್ ಮಾಡಿದ ತಪ್ಪನ್ನು ಹುಡುಕಲೆಂದೇ ನಾನು ಇಂದು ಆರೋಗ್ಯ ಕೇಂದ್ರದಲ್ಲಿ ಅದನ್ನು ತೆರೆಸಿದೆ.

ಅವರು ಚುಚ್ಚುವ ಮೊದಲು ಸೀಸೆಯನ್ನು ಬೆಳಕಿಗೆ ಹಿಡಿದು, ಪ್ರತಿ ತಾಯಿಗೂ ಅದರ ಮೇಲಿನ ಪುಟ್ಟ ಬಿಳಿ ಚೌಕವನ್ನು ತೋರಿಸುತ್ತಿದ್ದರು. ಬಿಸಿ ತಗುಲಿ ಲಸಿಕೆ ಕೆಟ್ಟರೆ ಆ ಚೌಕ ಕಪ್ಪಾಗುತ್ತದೆ. "ನೀವೂ ನೋಡಿ, ಆಮೇಲೆ ನಂಬಿ" ಎನ್ನುವುದು ಅವರ ನಿತ್ಯದ ಮಾತು.

ನಾಲ್ಕು ವರ್ಷದ ಹಿಂದೆ, ಮೊಮ್ಮಗಳ ದಡಾರ ಲಸಿಕೆಯ ಸರದಿಯ ದಿನ ಚೌಕ ಕಪ್ಪಾಗಿತ್ತು. ಸಿಸ್ಟರ್ ಪೆಟ್ಟಿಗೆ ಮುಚ್ಚಿದರು.

"ಅರ್ಧ ದಿನ ರಜೆ ಹಾಕಿ ಬಂದಿದೀನಿ ಮಾರಾಯ್ತಿ, ಒಂದು ಚುಚ್ಚಿ ಕಳ್ಸು!" ಎಂದು ಒಬ್ಬಾಕೆ ರೇಗಿದಳು.

"ಚುಚ್ತೀನಿ, ಬರೀ ನೀರು. ಆಗ್ಬಹುದಾ?" ಎಂದು ನಕ್ಕ ಸಿಸ್ಟರ್ ನನ್ನತ್ತ ತಿರುಗಿದರು. "ಸರ್, ಮುಂದಿನ ಗುರುವಾರ ತಪ್ಪಿಸ್ಬೇಡಿ."

"ತಾರೀಖು ನನಗೆ ಹೇಳ್ಬೇಕಾ ಸಿಸ್ಟರ್?" ಎಂದಿದ್ದೆ, ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದ ಮೇಷ್ಟರ ಗತ್ತಿನಲ್ಲಿ.

ಆ ಗುರುವಾರ ಮಗುವನ್ನು ಎತ್ತಿಕೊಂಡು ಹೋದದ್ದು, ಅವಳು ಅತ್ತದ್ದು, ಸಿಸ್ಟರ್ ಅವಳ ಕೆನ್ನೆ ತಟ್ಟಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಪುಸ್ತಕದಲ್ಲಿ ಆ ಗುರುವಾರ ಎಲ್ಲ ಮಕ್ಕಳ ಹೆಸರಿನ ಮುಂದೆಯೂ ಗುರುತಿದೆ, ಒಂದನ್ನು ಬಿಟ್ಟು. ಮೊಮ್ಮಗಳ ಹೆಸರಿನ ಮುಂದೆ ಸಿಸ್ಟರ್ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದಾರೆ: "ಬರಲಿಲ್ಲ. ಎರಡು ಸಲ ಮನೆಗೆ ಹೋದೆ. ಎರಡು ಸಲವೂ ಅಜ್ಜ ಬಾಗಿಲಲ್ಲೇ ನಿಂತು, 'ಆಗಲೇ ಹಾಕಿಸಿದ್ದೇವೆ' ಎಂದರು."