ದೇವಯಾನಿಗೆ ಆರಿಸಿದ ದೀಪ

ಆಗೆಲ್ಲ ನಮ್ಮ ಮನೆಯ ಮಾಳಿಗೆ ಮೇಲೆ ದೀಪ ಹಚ್ಚುತ್ತಿದ್ದದ್ದು ದೇವರಿಗಲ್ಲ, ಆನೆಗೆ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯಿಂದ ಜೀರಹಳ್ಳಿ ಕಡೆಗೆ ಹೋಗುವಾಗ, ಕಾಡು ಶುರುವಾಗುವ ಮುಂಚೆ ಒಂದು ದಿಣ್ಣೆ ಸಿಗುತ್ತದೆ. ಅದರ ಮೇಲೆ ನಮ್ಮ ಮನೆ, ಹಿತ್ತಿಲ ಕೆಳಗೆ ಬಾಳೆ ತೋಟ, ಸುತ್ತ ತಗ್ಗಿನಲ್ಲಿ ಹೊಲಗಳು. ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಈಗಲೂ ಸರಿಯಾಗಿ ಸಿಗುವುದಿಲ್ಲ ಬಿಡಿ. ಅದಕ್ಕೇ ಹೊಲ ಕಾಯುವವರಿಗೆಲ್ಲ ನಮ್ಮ ಮಾಳಿಗೆಯ ಕಂಬದ ಬಲ್ಬೇ ಸುದ್ದಿ ಹೇಳಬೇಕಿತ್ತು. ಅದು ಉರಿಯುತ್ತಿದ್ದರೆ ಆನೆ ಹೊಲದಲ್ಲಿದೆ, ಕಾವಲಿನ ಅಟ್ಟಣೆಯಿಂದ ಇಳಿಯಬೇಡಿ ಅಂತ. ಆರಿದರೆ ಆನೆ ಕಾಡಿಗೆ ಹೋಯಿತು, ಮನೆಗೆ ಹೋಗಿ ಉಣ್ಣಿ ಅಂತ.

ಆರಿಸುವುದಕ್ಕೂ ಒಂದು ಕಟ್ಟಳೆ ಇತ್ತು. ಆನೆ ಕಾಡು ಹೊಕ್ಕಿದ್ದನ್ನು ಕಣ್ಣಾರೆ ಕಂಡವರು ಕಾಡಂಚಿನಿಂದ "ಓಯ್ತೋ..." ಅಂತ ಕೂಗಬೇಕು. ಆ ಕೂಗು ಕಿವಿಗೆ ಬೀಳದೆ ಸ್ವಿಚ್ಚಿಗೆ ಕೈ ಹಾಕುವ ಹಾಗಿಲ್ಲ. ನಡೆಯಲು ಕಲಿತ ಮಕ್ಕಳಿಗೂ ನಮ್ಮಲ್ಲಿ ಇದು ಗೊತ್ತಿತ್ತು.

ಬಾಲ್ಯ ಅಂದರೆ ಬರೀ ಬೆಲ್ಲ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೆಲ್ಲ ಇರಲಿಲ್ಲ ಅಂತಲ್ಲ. ದೀಪಾವಳಿಯ ಬೆನ್ನಿಗೆ ಗುಮಟಾಪುರದ ಸಗಣಿ ಹಬ್ಬ ಮುಗಿದು, ಮಳೆ ಹಿಂದೆ ಸರಿಯಿತೆಂದರೆ ಅವರೆಕಾಯಿಯ ಕಾಲ. ದೊಡ್ಡವ್ವ ಜಗಲಿ ಮೇಲೆ ರಾಶಿ ಸುರಿದುಕೊಂಡು ಸುಲಿಯುತ್ತಿದ್ದರೆ ಆ ಸೊಗಡಿನ ವಾಸನೆ ಮನೆಯೆಲ್ಲ ತುಂಬಿ, ಸ್ಕೂಲಿನಿಂದ ಬರುವಾಗ ದಾರಿಯಲ್ಲೇ ಬಾಯಲ್ಲಿ ನೀರೂರುತ್ತಿತ್ತು. ಅಂಗಳದಲ್ಲಿ ನಾನೂ ಸುತ್ತಲಿನ ಮಕ್ಕಳೂ ಆನೆ ಆಟ ಆಡುತ್ತಿದ್ದೆವು. ಒಬ್ಬರು ಮೂತಿಗೆ ಟವೆಲ್ಲು ಇಳಿಬಿಟ್ಟುಕೊಂಡು ಆನೆಯಾದರೆ, ಉಳಿದವರು ತಟ್ಟೆ ಬಡಿದು ಓಡಿಸುವುದು. ಆನೆಯಾಗುವುದಕ್ಕೇ ಜಗಳ. ಓಡಿಸುವವರಿಗೆ ಯಾರು ಕಿಮ್ಮತ್ತು ಕೊಡುತ್ತಾರೆ!

ಮನೆಯಲ್ಲಿ ಇದ್ದದ್ದು ನಾವು ಐದೇ ಜನ. ಬೇಸಾಯವೆಲ್ಲ ದೊಡ್ಡಪ್ಪನದು. ಅಪ್ಪ ಅವನ ತಮ್ಮ, ತಾಳವಾಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಅಪ್ಪನ ಹೆಸರು ಶಿವಮಲ್ಲು, ಮನೆಯಲ್ಲಿ ಬರೀ ಮಲ್ಲು. ಅವ್ವ, ದೊಡ್ಡವ್ವ, ನಾನು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲವಾದ್ದರಿಂದ ನಾನು ಇಬ್ಬರಪ್ಪಂದಿರ ಮಗಳು. ಅಪ್ಪ ಬೈದರೆ ದೊಡ್ಡಪ್ಪನ ಹೆಗಲು, ದೊಡ್ಡಪ್ಪ ರೇಗಿದರೆ ಅಪ್ಪನ ಬೈಕು.

ನಾನು ಐದನೇ ಕ್ಲಾಸಿಗೆ ಬಂದ ವರ್ಷ ಅಪ್ಪ ಕೊಯಮತ್ತೂರಿನಿಂದ ಯಾರೋ ಬಳಸಿಬಿಟ್ಟ ದೂರದರ್ಶಕ ತಂದ. ನನ್ನ ತೋಳಿನುದ್ದದ ಬಿಳಿ ಕೊಳವೆ, ಅದಕ್ಕೊಂದು ಮುಕ್ಕಾಲಿ, ನಕ್ಷತ್ರದ ಜೊತೆಜೊತೆಗೇ ಮೆಲ್ಲಗೆ ತಿರುಗುವ ಮೋಟಾರು. ಮದುವೆಗೆ ಒಯ್ಯುವ ಕ್ಯಾಮೆರಾವನ್ನೇ ಅದರ ಹಿಂದಕ್ಕೆ ಸಿಕ್ಕಿಸುತ್ತಿದ್ದ. ಮೊದಲು ಉತ್ತರದ ಬೆಟ್ಟದ ನೆತ್ತಿಯ ಮೇಲೆ ಧ್ರುವನನ್ನು ಹುಡುಕಿ ಯಂತ್ರ ಸರಿಮಾಡಿಕೊಳ್ಳಬೇಕು. ಆಮೇಲೆ ಒಂದೇ ಜಾಗಕ್ಕೆ ಗುರಿಯಿಟ್ಟು ಪಟದ ಮೇಲೆ ಪಟ ತೆಗೆಯುತ್ತಾ ಹೋಗುವುದು. ಒಂದೊಂದನ್ನೇ ನೋಡಿದರೆ ಏನೂ ಇರುತ್ತಿರಲಿಲ್ಲ, ಬೂದಿ ಮೆತ್ತಿದ ಹಾಗೆ ಒಂದು ಮಸುಕು. ಮಾರನೇ ದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಅಡಕಿದರೆ, ಅಬ್ಬಾ, ಆ ಮಸುಕಿನೊಳಗಿಂದ ಬಣ್ಣ, ಸುಳಿ, ಕವಲು ಎಲ್ಲ ಎದ್ದು ಬರುತ್ತಿತ್ತು.

ಮಂಜು ಬಿದ್ದು ಗಾಜು ಮಬ್ಬಾಗಬಾರದಲ್ಲ, ಅದಕ್ಕೆ ನಾವೇ ಒಂದು ಉಪಾಯ ಮಾಡಿದ್ದೆವು. ಹಳೇ ಕಾಲುಚೀಲಕ್ಕೆ ಬಾಣಲೆಯಲ್ಲಿ ಹುರಿದ ಬಿಸಿ ಮರಳು ತುಂಬಿ ಕೊಳವೆಯ ಕತ್ತಿಗೆ ಸುತ್ತುವುದು. ಮರಳು ಹುರಿಯುವುದು ನನ್ನ ಕೆಲಸ. ಅಪ್ಪನಿಗಿಂತ ನನಗೇ ಹೆಚ್ಚು ಜಂಬ.

ದೊಡ್ಡಪ್ಪನಿಗೆ ಇದೆಲ್ಲ ತಮಾಷೆ. "ಏನ್ಲಾ ಮಲ್ಲು, ಊರ್ನೋರ ಮದ್ವ ಫೋಟ ಸಾಲ್ದು ಅಂತ ನಕ್ಷತ್ರಕ್ಕೂ ಮದ್ವ ಮಾಡ್ಸಿಯಾ?"

"ನಕ್ಷತ್ರ ಅಲ್ಲ ಕಣಣ್ಣ, ದೇವಯಾನಿ ಅಂತ. ನಕ್ಷತ್ರಗಳದೇ ಒಂದು ದೊಡ್ಡ ಊರು. ಈ ಬೆಳಕು ಅಲ್ಲಿಂದ ಒಂಟಾಗ ಭೂಮಿ ಮ್ಯಾಲ ಮನುಸ್ರೇ ಇರ್ನಿಲ್ಲ."

"ಅಷ್ಟು ಕಾಲ ನಡ್ಕಂಡು ಬಂದದ್ದು ಇನ್ನೊಂದು ಗಳಿಗ ಕಾಯ್ತದ ಬುಡು. ಉಣ್ಣು ಬಾ."

ನಗುತ್ತಿದ್ದ ನಿಜ, ಆದರೆ ಮುಕ್ಕಾಲಿ ಅಲುಗಾಡದಂತೆ ಮಾಳಿಗೆಯ ಮೂಲೆಯಲ್ಲಿ ಕಲ್ಲುಚಪ್ಪಡಿ ಹಾಕಿಕೊಟ್ಟವನೂ ಅವನೇ.

ಕಂಬದ ದೀಪಕ್ಕೂ ಅಪ್ಪನ ಪಟಕ್ಕೂ ಎಣ್ಣೆ ಸೀಗೆಕಾಯಿ. ದೀಪ ಉರಿದರೆ ಪಟವೆಲ್ಲ ಬೆಳ್ಳಗೆ ಬಿಳಿಚಿಕೊಳ್ಳುತ್ತಿತ್ತು. ಹಾಗೆ ಉರಿದಾಗೆಲ್ಲ ಅಪ್ಪ ಗೊಣಗಿಕೊಂಡು, ಕೊಳವೆಗೆ ಬಟ್ಟೆ ಮುಚ್ಚಿ ಕೆಳಗಿಳಿಯುತ್ತಿದ್ದ. ಒಂದು ದಿನವೂ ಸ್ವಿಚ್ಚು ಮುಟ್ಟಿದವನಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆ ವರ್ಷ ಮಳೆ ನಿಂತರೂ ಮೋಡ ತೊಲಗಲಿಲ್ಲ. ಅಮಾವಾಸ್ಯೆ ಬಂದಾಗ ಮಾತ್ರ ಆಕಾಶ ತೊಳೆದ ಹಾಗಾಯಿತು. ಅಪ್ಪ ಸ್ಟುಡಿಯೋ ಬೇಗ ಮುಚ್ಚಿ ಬಂದ. ರಾಗಿ ತೆನೆ ಬಲಿತಿದ್ದ ಕಾಲ, ದೊಡ್ಡಪ್ಪ ಹೊತ್ತು ಮುಳುಗುವ ಮುಂಚೆಯೇ ಹೊಲದ ಅಟ್ಟಣೆ ಹತ್ತಿದ್ದ. ನಾನು ಮರಳು ಹುರಿದು ತಂದೆ. ದೇವಯಾನಿ ನೆತ್ತಿಗೆ ಬಂದಿದ್ದಳು. ಮೋಟಾರು ಗುಂಯ್ ಅನ್ನುತ್ತಾ ತಿರುಗಲು ಶುರುವಾಗಿ, ಮೊದಲ ಪಟ ಮುಗಿಯುವ ಮುಂಚೆಯೇ ದೊಡ್ಡವ್ವ ಹಿತ್ತಿಲಿಂದ ಕೂಗಿದಳು:

"ದೀಪ ಆಕ್ರಪ್ಪಾ! ಬಾಳ ತ್ವಾಟದಲ್ಲಿ ಆನ ಮುರೀತಾ ಅದ!"

ಅವ್ವ ಓಡಿಬಂದು ದೀಪ ಹಾಕಿದಳು. ಅಪ್ಪ ಕೊಳವೆಗೆ ಬಟ್ಟೆ ಮುಚ್ಚಿ, ತಲೆ ಮೇಲೆ ಕೈಹೊತ್ತು ಕೂತ. ನಾಳೆಯಿಂದ ಸಾಲಾಗಿ ಮದುವೆಗಳು, ಅವು ಮುಗಿಯುವ ಹೊತ್ತಿಗೆ ಬೆಳದಿಂಗಳು. "ಇವತ್ತೇ ಬರ್ಬೇಕಿತ್ತಾ ಇದ್ಕ" ಅಂತ ಶಪಿಸಿದ. ನಾನು ಪಕ್ಕದಲ್ಲಿ ಕೂತು ಆರುತ್ತಿದ್ದ ಮರಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಕಾಡಿನ ದಿಕ್ಕಿನಿಂದ ಪಟಾಕಿ ಸಿಡಿಯಿತು. ಹಿಂದೆಯೇ ಆನೆ ಘೀಳಿಟ್ಟಿದ್ದು ಕೇಳಿತು. ದೂರ, ಕಾಡಿನೊಳಗಿಂದ. ಅಪ್ಪ ಎದ್ದು ನಿಂತ.

"ಓಯ್ತು. ಕಾಡ್ ತವ್ಕೆ ಓಯ್ತು."

ಅವ್ವ ಮೆಟ್ಟಿಲ ಬುಡದಲ್ಲಿದ್ದಳು. "ಕೂಗು ಕೇಳ್ನಿಲ್ಲ ಕಣಿ."

"ಘೀಳಿಟ್ಟದ್ದು ಕೇಳ್ನಿಲ್ವ? ಅದ್ಕಿಂತ ಕೂಗು ಬೇಕಾ?"

"ಕೂಗಲಿ ತಡೀರಿ. ಏನವಸರ?"

ಅಪ್ಪ ತಡೆಯಲಿಲ್ಲ. ದೀಪ ಆರಿತು.

ಕತ್ತಲೆ ಒಂದೇ ಸಲ ಕವಿದು, ಚುಕ್ಕಿಗಳೆಲ್ಲ ಮಾಳಿಗೆಗೇ ಇಳಿದ ಹಾಗಾಯಿತು. ಅಪ್ಪ ಬಟ್ಟೆ ಸರಿಸಿ ಗುಂಡಿ ಒತ್ತಿದ. ಕ್ಯಾಮೆರಾದ ಪರದೆಯ ನಡುವೆ ಬೂದಿಬಣ್ಣದ ಮಸುಕು ಮೂಡಿದ್ದನ್ನು ನನ್ನನ್ನು ಎತ್ತಿ ತೋರಿಸಿದ. "ಬಂದ್ಲು ನೋಡಮ್ಮಿ, ದೇವಯಾನಿ!" ನಾನು ಚಪ್ಪಾಳೆ ತಟ್ಟಿದೆ. ಅದೇ ಹೊತ್ತಿಗೆ ತಗ್ಗಿನಿಂದ, ಮುದ್ದೆ ಬಡಿಸೆಂದು ದೊಡ್ಡವ್ವನನ್ನು ಕೂಗುವ ದೊಡ್ಡಪ್ಪನ ದನಿ, ಯಾವತ್ತಿನಂತೆಯೇ: "ಬಂದೆ ಕಣಮ್ಮಿ, ಇಟ್ಟಿಕ್ಕು!" ಒಳಗೆ ದೊಡ್ಡವ್ವ ತಟ್ಟೆ ಇಟ್ಟ ಸದ್ದಾಯಿತು.

ಆಮೇಲೆ ಬಾಳೆ ತೋಟದ ಮಗ್ಗುಲಲ್ಲಿ ಏನೋ ದಡದಡ ಅಂದಿತು. ಒಂದೇ ಒಂದು ಸಲ ದೊಡ್ಡಪ್ಪ "ಮಲ್ಲೂ" ಅಂದ. ಅಷ್ಟೇ.

ಅಪ್ಪ ಓಡಿಹೋಗಿ ದೀಪ ಹಾಕಿದ. ಇನ್ನು ಹಾಕಿ ಏನು ಬಂತು! ಬಂದಿದ್ದದ್ದು ಒಂದಲ್ಲ, ಎರಡಾನೆ. ಪಟಾಕಿಗೆ ಬೆದರಿ ಕಾಡು ಹೊಕ್ಕಿದ್ದು ಒಂದು. ಇನ್ನೊಂದು ಬಾಳೆ ತೋಟದೊಳಗೇ ಸದ್ದಿಲ್ಲದೆ ನಿಂತಿತ್ತು. ಎರಡು ಬಂದದ್ದನ್ನು ಕಂಡಿದ್ದ ಕಾಡಂಚಿನವರು ಕೂಗದೆ ಇದ್ದದ್ದು ಅದಕ್ಕೇ. ದೀಪ ಆರಿದ್ದನ್ನು ನೋಡಿ, ಹೋಯಿತು ಅಂದುಕೊಂಡು ದೊಡ್ಡಪ್ಪ ತೋಟದ ಬದುವಿನ ಮೇಲೇ ನಡೆದು ಬಂದಿದ್ದ. ನಲವತ್ತೂ ತುಂಬದ ಆಳು.

ಬೆಳಿಗ್ಗೆ ಅಂಗಳದ ತುಂಬ ಜನ. ಫಾರೆಸ್ಟಿನವರು ಬಂದರು. ಅವರಲ್ಲೊಬ್ಬ ಹೊಸಬ, ತಮಿಳಿನವನು, ಎಲ್ಲರ ಮುಖ ನೋಡುತ್ತಾ, "ಲೈಟ್ಟ ಯಾರು ಅಣೆಚ್ಚದು?" ಅಂದ. ದೀಪ ಆರಿಸಿದವರು ಯಾರು ಅಂತ. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ಗುಂಪಿನಿಂದ ಮುಂದೆ ಬಂದು, "ನಾನು" ಅಂದ. ಎಲ್ಲರೂ ತಿರುಗಿ ದೊಡ್ಡವ್ವನ ಕಡೆ ನೋಡಿದರು. ಅವಳು ಅಳುತ್ತಿರಲಿಲ್ಲ. ಹೂತ ಕಂಬದ ಹಾಗೆ ಕೂತಿದ್ದಳು.

ಹನ್ನೊಂದನೇ ದಿನಕ್ಕೆ ಇಡುವ ಪಟವನ್ನು ಅಪ್ಪನೇ ಮಾಡಿದ. ಊರಲ್ಲಿ ಸತ್ತವರ ಪಟವೆಲ್ಲ ಅವನೇ ಮಾಡುತ್ತಿದ್ದವನು, ಇದನ್ನು ಬೇರೆಯವರಿಗೆ ಹೇಗೆ ಕೊಡುತ್ತಾನೆ? ಯಾವುದೋ ಮದುವೆಯ ಗುಂಪಿನಿಂದ ಅಣ್ಣನ ಮುಖ ಬಿಡಿಸಿ, ದೊಡ್ಡದು ಮಾಡಿ, ಮಬ್ಬಾಗಿದ್ದ ಕಣ್ಣುಗಳಿಗೆ ಬೆಳಕು ತುಂಬುತ್ತಾ ಕೂತಿದ್ದನ್ನು ನಾನು ನೋಡಿದ್ದೇನೆ. ಪೂಜೆ ಮುಗಿದ ಮೇಲೆ ದೊಡ್ಡವ್ವನ ಕಾಲ ಮೇಲೆ ಬಿದ್ದ. "ಬೈದ್ಬುಡು ಅತ್ಗೆ. ಒಡೀ ಬೇಕಾರ. ಏನಾದ್ರೂ ಅನ್ನು." ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಏಳು ಮಲ್ಲು, ಜನ ನೋಡ್ತಾವ್ರ."

ಅವತ್ತಿನಿಂದ ಅಪ್ಪ ಕಾದ. ಅವಳು ಒಂದು ಸಲ ಬಾಯಿ ಬಿಟ್ಟು ಶಾಪ ಹಾಕಲಿ, ಮಣ್ಣು ತೂರಲಿ ಅಂತ ಕಾದ. ಅವಳು ದಿನಾ ಅವನಿಗೆ ಮುದ್ದೆ ಬಡಿಸಿದಳು, ಜ್ವರ ಬಂದಾಗ ಕಷಾಯ ಕಾಸಿಕೊಟ್ಟಳು, ಆ ರಾತ್ರಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಬೈಗುಳಕ್ಕೆ ಒಂದು ಕೊನೆಯಾದರೂ ಇರುತ್ತದೆ. ಅಪ್ಪ ಮುದ್ದೆ ನುಂಗುತ್ತಿದ್ದ ರೀತಿ ನೋಡಲಾರದೆ ನಾನು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದೆ. ದೂರದರ್ಶಕ ಅಟ್ಟ ಸೇರಿತು. ಮಾಳಿಗೆಗೆ ಅಪ್ಪ ಮತ್ತೆ ಹತ್ತಲಿಲ್ಲ, ನನಗೂ ಆಕಾಶದ ಬಗ್ಗೆ ಒಂದು ಮಾತು ಹೇಳಲಿಲ್ಲ.

ನಮ್ಮ ಕಂಬದ ದೀಪವನ್ನೂ ಆಮೇಲೆ ಯಾರೂ ನಂಬಲಿಲ್ಲ. ಆರಿದರೂ ಅಟ್ಟಣೆಯಿಂದ ಇಳಿಯುತ್ತಿರಲಿಲ್ಲ. ಕ್ರಮೇಣ ಹಾಕುವುದೂ ನಿಂತಿತು. ಈಗ ಸೋಲಾರ್ ಬೇಲಿ ಬಂದಿದೆ, ಹೊಲಕ್ಕೊಂದು ದೊಡ್ಡ ಲೈಟಿದೆ, ಚುಕ್ಕಿಗಳು ಕಮ್ಮಿಯಾಗಿವೆ. ಆನೆಗಳಂತೂ ಬರುತ್ತಲೇ ಇವೆ. ಆದರೆ ಪಕ್ಕದ ಹೊಲದವನ ಕೂಗಿಗೆ ಕಾದು ಕೂರುವವರು ಯಾರೂ ಇಲ್ಲ.

ನಾನೀಗ ಸತ್ಯಮಂಗಲದಲ್ಲಿ ಟೀಚರು. ಹೋದ ವರ್ಷ ರಜಕ್ಕೆ ಮನೆಗೆ ಹೋಗಿದ್ದಾಗ, ಮಧ್ಯಾಹ್ನ ಊಟ ಮುಗಿಸಿ ಅಪ್ಪ ಕೈ ತೊಳೆಯಲು ಎದ್ದ. ದೊಡ್ಡವ್ವ ತಟ್ಟೆ ತೆಗೆಯುತ್ತಾ, ಉಪ್ಪು ಸರಿಯಾಗಿತ್ತಾ ಅಂತ ಕೇಳುವ ದನಿಯಲ್ಲಿ ಕೇಳಿದಳು: "ಮಲ್ಲು, ಅವತ್ತು ನೀ ತಗ್ದ ಪಟ ಅದಾ, ಕಳ್ದೋಯ್ತಾ?"

ಅವ್ವ ಅಡುಗೆಮನೆಯಲ್ಲೇ ನಿಂತುಬಿಟ್ಟಳು. ಅಪ್ಪ ಒದ್ದೆ ಕೈಯಲ್ಲೇ ಒಳಗೆ ಹೋಗಿ, ಬೀರು ತೆಗೆದು, ಕ್ಯಾಮೆರಾದ ಹಳೇ ಕಾರ್ಡೊಂದನ್ನು ತಂದು ಲ್ಯಾಪ್‌ಟಾಪಿಗೆ ಹಾಕಿದ. ಎಲ್ಲಿಟ್ಟಿದ್ದೇನೆ ಅಂತ ಹುಡುಕಲೇ ಇಲ್ಲ. ದೀಪ ಆರಿಸಿದ ಮೇಲೆ ತೆಗೆದದ್ದು ಅದೊಂದೇ ಪಟ. ಅದರ ಮೇಲೆ ಅಡಕುವುದಕ್ಕೆ ಇನ್ನೊಂದಿರಲಿಲ್ಲ. ಕಪ್ಪು ಪರದೆ, ನಡುವೆ ಬೂದಿ ಮೆತ್ತಿದಂಥ ಮಸುಕು.

ದೊಡ್ಡವ್ವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಕಲೆಯೇನೋ ಅನ್ನುವಂತೆ ಸೆರಗಿನ ತುದಿಯಿಂದ ಪರದೆ ಒರೆಸಿ ಮತ್ತೆ ನೋಡಿದಳು.

"ಇಷ್ಟೇಯಾ?"

ಹೀಗೆ ಇನ್ನೂ ಬೇಕಾದಷ್ಟು ತೆಗೆದು ಅಡಕಿದರೆ ಏನೇನು ಕಾಣುತ್ತದೆ ಅಂತ ಹೇಳುವುದಕ್ಕೆ ನನ್ನ ನಾಲಿಗೆ ತುದಿಗೆ ಬಂತು. ಒಂದು ಕಾಲದಲ್ಲಿ ಅಪ್ಪ ಅದನ್ನು ನನಗೆ ಎಷ್ಟು ಹುರುಪಿನಿಂದ ಹೇಳುತ್ತಿದ್ದ! ಇವತ್ತಾದರೂ ಹೇಳುತ್ತಾನೇನೋ ಅಂತ ಅವನ ಮುಖ ನೋಡಿದೆ. ಆ ಅಪ್ಪ ಅಲ್ಲಿರಲಿಲ್ಲ. ದೊಡ್ಡಪ್ಪನನ್ನು ಮಣ್ಣು ಮಾಡಿದ ದಿನದಿಂದಲೂ ಇರಲಿಲ್ಲ.

"ಹೂಂ ಅತ್ಗೆ," ಅಂದ ಅಪ್ಪ. "ಇಷ್ಟೇಯ."