ಅತ್ತೆಯ ಬಲಗೈಯ ಪಟ್ಟಿ

ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನ ಬೆಳಗಾಗುತ್ತಿದ್ದುದು ಜಗಳದಿಂದ. ನನ್ನ ಅತ್ತೆ ಗೋದಾಬಾಯಿ ವಾಕಿಂಗ್ ಮುಗಿಸಿ ಬಂದವರು, ಚಪ್ಪಲಿ ಬಿಡುವ ಮೊದಲೇ ಬಲಗೈ ತಂದು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಆ ಕೈಯಲ್ಲಿ ಆರು ಹಸಿರು ಗಾಜಿನ ಬಳೆ, ಎರಡು ಬಂಗಾರದ ಪಾಟಲಿ, ನಡುವೆ ಒಂದು ಕಪ್ಪು ರಬ್ಬರಿನ ಪಟ್ಟಿ. ಎಷ್ಟು ಹೆಜ್ಜೆ ನಡೆದಿರಿ, ನಾಡಿ ಎಷ್ಟು ಬಡಿಯಿತು, ಎಷ್ಟು ಕ್ಯಾಲೊರಿ ಕರಗಿತು ಎಂದೆಲ್ಲ ಹೇಳುವ ಪಟ್ಟಿ ಅದು.

“ಪ್ರಾಚಿ, ಇವತ್ತ ಎಷ್ಟ ಸುಟ್ಟದ ನೋಡು.”

“ಐವತ್ತೆರಡು.”

“ಮೊನ್ನೆ ಮುನ್ನೂರಾ ಹನ್ನೊಂದಿತ್ತಲ್ಲ? ಮೊನ್ನೆನೂ ಆರು ಸುತ್ತು, ಇವತ್ತೂ ಆರು ಸುತ್ತು. ನಾ ಏನ ಮೊನ್ನೆ ಓಡಿದ್ನೇನ?”

ನಮ್ಮದು ಪುಣೆಯ ಕೊಂಢವಾ ಬಡಾವಣೆಯ ಅಪಾರ್ಟ್‌ಮೆಂಟು. ಕಾಂಪೌಂಡಿನೊಳಗೆ ಆರು ಸುತ್ತು ಹಾಕಲು ಅತ್ತೆಗೆ ನಲವತ್ತು ನಿಮಿಷ ಬೇಕು. ದಾರಿ ಅದೇ, ಹೊತ್ತು ಅದೇ, ಕಾಲೂ ಅವೇ. ಲೆಕ್ಕ ಮಾತ್ರ ದಿನಕ್ಕೊಂದು. ಅತ್ತೆ ಆ ಸಂಖ್ಯೆಯನ್ನು ಪಂಚಾಂಗದಲ್ಲಿ ಆಯಾ ತಿಥಿಯ ಪಕ್ಕಕ್ಕೆ ಪೆನ್ಸಿಲಿನಿಂದ ಬರೆದಿಡುತ್ತಿದ್ದರು.

ಬೇರೆ ಯಾರದಾದರೂ ಆಗಿದ್ದರೆ ಪಟ್ಟಿ ಬಿಚ್ಚಿ ಕಪಾಟಿನಲ್ಲಿ ಎಸೆದುಬಿಡುತ್ತಿದ್ದೆ. ಆದರೆ ಈ ಹಾಳು ಸಂಖ್ಯೆಯ ಮೇಲೆ ಅತ್ತೆಯ ಮೂವತ್ತೊಂದು ವರ್ಷದ ಆಸೆ ನಿಂತಿತ್ತು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ವರ್ಷವೇ ಅವರು ಆಷಾಢದ ವಾರಿಯನ್ನು ಮೊದಲು ನೋಡಿದ್ದು. ಪಂಢರಪುರಕ್ಕೆ ನಡೆದು ಹೋಗುವ ಲಕ್ಷಾಂತರ ಜನ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ಆವತ್ತಿನಿಂದ ಪ್ರತಿವರ್ಷ ರಸ್ತೆಯ ಪಕ್ಕ ತಾಮ್ರದ ಕೊಡ, ತಂಬಿಗೆ ಇಟ್ಟುಕೊಂಡು ನಡೆಯುವವರಿಗೆ ನೀರು ಕೊಟ್ಟು, ಅವರ ಕಾಲು ಮುಟ್ಟಿ ನಮಸ್ಕರಿಸಿದ್ದಾರೆ. ತಾವು ಮಾತ್ರ ಒಂದು ಹೆಜ್ಜೆ ಅವರ ಜೊತೆ ಹಾಕಿಲ್ಲ. ಮೊದಲು ಹಾಸಿಗೆ ಹಿಡಿದ ಅವರ ಅತ್ತೆ, ಆಮೇಲೆ ಆ ಹೊತ್ತಿಗೇ ಶುರುವಾಗುವ ಮಕ್ಕಳ ಶಾಲೆ, ಮಾವನವರ ಡಬ್ಬಿ, ಕಡೆಗೆ ನನ್ನ ಬಾಣಂತನ. ಹೋದ ವರ್ಷ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಮೇ ತಿಂಗಳಲ್ಲೇ ಎದೆನೋವು ಬಂದು ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದರು.

ಈ ವರ್ಷ ಅವರು ಕೇಳಿದ್ದು ದಿವೆ ಘಾಟ್ ಒಂದನ್ನೇ. ಪುಣೆ ದಾಟಿದ ಮೇಲೆ ವಾರಿಯ ಪಲ್ಲಕ್ಕಿ, ಇಲ್ಲಿಯವರ ಪಾಲಖಿ, ಹತ್ತುವ ನಾಲ್ಕು ಕಿಲೋಮೀಟರಿನ ಏರು. ಡಾಕ್ಟರ್ ಅವಧೂತ ಅದಕ್ಕೆ ಷರತ್ತು ಹಾಕಿದರು. ಮೂರು ವಾರ ದಿನಾಲು ನಡೆಯಬೇಕು, ನೂರೈವತ್ತರ ಆಸುಪಾಸು ಕ್ಯಾಲೊರಿ ಕರಗಬೇಕು, ನಾಡಿ ಸಮವಾಗಿರಬೇಕು. ಎರಡು ವಾರದ ಲೆಕ್ಕ ನೋಡಿ ತಲೆ ಅಲ್ಲಾಡಿಸಿದರು. “ಹೀಗೆ ಕುಣಿಯುತ್ತಿದ್ದರೆ ಒಂದೋ ಪಟ್ಟಿ ಕೆಟ್ಟಿದೆ, ಇಲ್ಲ ಹೃದಯ ಕೆಟ್ಟಿದೆ. ಯಾವುದು ಅಂತ ಗೊತ್ತಾಗುವವರೆಗೆ ಘಾಟ್ ಬೇಡ,” ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಪಾಲಖಿ ಬರಲು ಇನ್ನು ನಾಲ್ಕೇ ವಾರ ಉಳಿದಿತ್ತು.

ನಾನು ಕೆಲಸ ಮಾಡುವುದು ಖರಾಡಿಯ ಒಂದು ಕಂಪನಿಯ ಸಹಾಯವಾಣಿಯಲ್ಲಿ. ಕೆಟ್ಟ ಸಾಫ್ಟ್‌ವೇರಿನ ಬಗ್ಗೆ ಜಗತ್ತಿನ ಜನ ನನಗೆ ಬೈಯುತ್ತಾರೆ, ಬೈಸಿಕೊಂಡು ನಾನು ಸರಿಮಾಡಿಕೊಡುತ್ತೇನೆ. ಇಂಥ ನನ್ನ ಕೈಗೆ ಒಂದು ರಬ್ಬರಿನ ಪಟ್ಟಿ ಬಗ್ಗಲಿಲ್ಲವೆಂದರೆ ಮೈ ಉರಿಯದೆ ಇರುತ್ತದೆಯೇ? ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಫೋನಿನಿಂದ ಬಿಡಿಸಿ ಮತ್ತೆ ಜೋಡಿಸಿದೆ. ಹಿಂಬದಿಯ ಗಾಜು ನೋಡಿದರೆ ಕುಂಕುಮ, ಎಣ್ಣೆ, ಒಣಗಿದ ಕಡ್ಲಿಹಿಟ್ಟು. ನಾಡಿ ನೋಡಬೇಕಾದ ಕಣ್ಣಿಗೆ ಅಡುಗೆಮನೆಯೇ ಅಂಟಿಕೊಂಡಿತ್ತು. ಒರೆಸಿದೆ. ಆಮೇಲೆ ತೂಕದ ಖಾನೆ ತೆರೆದು ನೋಡಿದೆ.

“ಅತ್ಯಾ, ಐವತ್ತೆರಡು ಕಿಲೋ ಅಂತ ಯಾರು ಬರಸಿದ್ರಿ?”

“ನಾನಽ. ಋಷಿಕೇಶ ಹುಟ್ಟೂಕ್ಕಿಂತ ಮೊದಲ ಅಷ್ಟ ಇತ್ತು.”

ಋಷಿಕೇಶ ಎಂದರೆ ನನ್ನ ಗಂಡ, ಅವನಿಗೀಗ ಮೂವತ್ತರ ಹತ್ತಿರ. ತಕ್ಕಡಿಯ ಮೇಲೆ ನಿಲ್ಲಿಸಿದರೆ ಅರವತ್ತೇಳು ತೋರಿಸಿತು. ತಕ್ಕಡಿಯೂ ಕೆಟ್ಟಿದೆ ಎಂದರು ಅತ್ತೆ. ಸರಿಯಾದ ತೂಕ ಹಾಕಿದ ಮೇಲೆ ಮರುದಿನ ಬಂದದ್ದು ಅರವತ್ತೊಂದು, ಅದರ ಮರುದಿನ ಮುನ್ನೂರ ಎಂಬತ್ತು. ಪಟ್ಟಿ ಮಾರಿದವರ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ನಾನು ದಿನಾ ಹೇಳುವ ಮಾತುಗಳನ್ನೇ, ನಾನು ಹೇಳುವ ರಾಗದಲ್ಲೇ ನನಗೆ ಒಪ್ಪಿಸಿದಳು. ಸ್ವಚ್ಛ ಬಟ್ಟೆಯಿಂದ ಒರೆಸಿ ಮೇಡಂ. ಜೀವನದಲ್ಲಿ ಮೊದಲ ಸಲ ನನ್ನ ಗಿರಾಕಿಗಳ ಮೇಲೆ ಕನಿಕರ ಹುಟ್ಟಿತು.

ಎಡಗೈಗೆ ಕಟ್ಟಿ ನೋಡೋಣ ಎಂದರೆ ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

“ಅದು ತೊಳಕೊಳ್ಳೂ ಕೈ. ಡಾಕ್ಟರ್‌ಗೆ ತೋರಸೂ ವಸ್ತು ಅದಕ್ಕ ಕಟ್ತಾರೇನ?”

“ಹಂಗಾದ್ರ ಘಾಟ್ ಬಿಡ್ರಿ,” ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತರು. ಆ ಅಕ್ಕಿಯನ್ನು ಹಿಂದಿನ ದಿನವೇ ಆರಿಸಿಯಾಗಿತ್ತು.

ಮರುದಿನ ಗುರುವಾರ. ರಾತ್ರಿಯೆಲ್ಲ ಆ ಮುಖವೇ ಕಣ್ಣಿಗೆ ಕಟ್ಟಿದ್ದರಿಂದ, ಆಫೀಸಿಗೆ ತಡವಾದರೆ ಆಗಲಿ ಎಂದು ನಾನೂ ಅವರ ಹಿಂದೆ ಕೆಳಗಿಳಿದೆ. ಗೇಟಿನ ಹತ್ತಿರ ಬರುತ್ತಿದ್ದಂತೆ ಅತ್ತೆ ಸೊಂಟದಿಂದ ಜಪದ ಚೀಲ ತೆಗೆದರು. ಬಲಗೈಯನ್ನು ಮಣಿಕಟ್ಟಿನವರೆಗೆ ಅದರೊಳಗೆ ತೂರಿಸಿ, ಚೀಲವನ್ನು ಎದೆಗೆ ಅವುಚಿಕೊಂಡು ನಡೆಯತೊಡಗಿದರು. ಚೀಲದೊಳಗೆ ಬೆರಳು ಮಣಿ ಎಣಿಸುತ್ತಿದ್ದವು. ಕೈ ಒಂದು ಗೇಣೂ ಅಲುಗಲಿಲ್ಲ. ಕೈ ಬೀಸಿದರೆ ಮಾತ್ರ ಹೆಜ್ಜೆ ಎಣಿಸುವ ಆ ಪಟ್ಟಿ ಚೀಲದ ಕತ್ತಲಲ್ಲಿ, ಬಳೆಗಳ ಮೇಲೆ ಓರೆಯಾಗಿ ಕೂತು, ಈಕೆ ಮಲಗಿದ್ದಾಳೆ ಎಂದು ತಿಳಿದುಕೊಂಡಿತ್ತು.

“ಇದು ದಿನಾ ಮಾಡ್ತೀರೇನ್ರಿ?”

“ಎಲ್ಲಿ ದಿನಾ? ಗುರುವಾರ, ಶನಿವಾರ, ಏಕಾದಶಿ. ಮಂಗಳವಾರ, ರವಿವಾರ ನಮ್ಮ ಭಜನಾ ಮಂಡಳಿ ಇರ್ತದಲ್ಲ, ಆವಾಗ ತಾಳ ಹಾಕ್ಕೋತ ನಡೀತೀವಿ.” ಚೀಲ ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಿಂದ ಚಪ್ಪಾಳೆ ತಟ್ಟಿ ತೋರಿಸಿದರು. ನಾಲ್ಕು ಹೆಜ್ಜೆಗೆ ಹನ್ನೆರಡು ತಟ್ಟು. ಪಟ್ಟಿಯ ಮೇಲೆ ಸಂಖ್ಯೆ ನನ್ನ ಕಣ್ಣೆದುರೇ ದಡದಡ ಏರಿತು.

ಮೇಲೆ ಬಂದು ಪಂಚಾಂಗ ತೆರೆದೆ. ಗುರುವಾರ ಐವತ್ತೆರಡು, ಏಕಾದಶಿ ನಲವತ್ತೆಂಟು, ಮಂಗಳವಾರ ಮುನ್ನೂರ ಹನ್ನೊಂದು. ಏನೂ ಇಲ್ಲದ ಸೋಮವಾರ, ಬುಧವಾರ, ಶುಕ್ರವಾರ ಎಲ್ಲ ನೂರನಲವತ್ತೆಂಟು, ನೂರೈವತ್ತು. ಇಷ್ಟು ದಿನದಿಂದ ಎಲ್ಲವೂ ಪೆನ್ಸಿಲಿನಲ್ಲಿ ನನ್ನ ಎದುರೇ ಇತ್ತು. ಖರಾಡಿಯಲ್ಲಿ ಪ್ರತಿ ಗಿರಾಕಿಗೆ ನಾನು ಕೇಳುವ ಮೊದಲ ಪ್ರಶ್ನೆ, ತೊಂದರೆ ಬಂದಾಗ ನೀವು ಏನು ಮಾಡುತ್ತಿದ್ದಿರಿ ಎಂಬುದು. ಮನೆಯವರಿಗೆ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಸೋಫಾದ ಮೇಲೆ ಕೂತು ಪಟ್ಟಿಗೆ ಬೈದಿದ್ದೆ, ಅತ್ತೆಗೆ ಬೈದಿದ್ದೆ. ನನಗೆ ನಾಚಿಕೆಯಾಯಿತು.

ಪರಿಹಾರ ಸುಲಭವಿತ್ತು. ಮೂರು ವಾರ ಜಪವೂ ಬೇಡ, ತಾಳವೂ ಬೇಡ, ಸುಮ್ಮನೆ ಕೈ ಬೀಸಿಕೊಂಡು ನಡೆಯಿರಿ ಎಂದೆ. ಅತ್ತೆ ಜಪದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ವಿಠ್ಠಲನ ಕಡೆ ಹೋಗಲಿಕ್ಕೆ ವಿಠ್ಠಲನ ಹೆಸರ ಬಿಡೂದೇನ? ಒಂದ ಕೆಲಸ ಮಾಡೂಣು. ಡಾಕ್ಟರ್‌ಗ ಆರು ಸುತ್ತು, ವಿಠ್ಠಲಗ ಆರು ಸುತ್ತು.”

ಹಾಗೇ ಆಯಿತು. ಮೊದಲ ಆರು ಸುತ್ತು ಪಟ್ಟಿ ಕಟ್ಟಿಕೊಂಡು, ಕವಾಯತಿನ ಪೊಲೀಸರ ಹಾಗೆ ಕೈ ಬೀಸುತ್ತ. ಆಮೇಲೆ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಜಪದ ಚೀಲವನ್ನೋ ತಾಳವನ್ನೋ ಹಿಡಿದು ಇನ್ನಾರು ಸುತ್ತು. ಇಷ್ಟು ನಡೆದರೆ ಆಯಾಸವಾದೀತು ಎಂದು ಅಡ್ಡ ಹಾಕಿ ನೋಡಿದೆ, ಉಪಯೋಗವಾಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಆಯಾಸವಾದರೆ ಕೂರಲಿ, ಆಗದಿದ್ದರೆ ನಡೆಯಲಿ ಎಂದರು. ಅತ್ತೆ ಒಂದು ದಿನವೂ ಕೂರಲಿಲ್ಲ. ಕೂರುತ್ತಿದ್ದವಳು ಕಾವಲಿಗೆಂದು ಹೋದ ನಾನು. ಏಳನೇ ಸುತ್ತಿಗೇ ನನಗೆ ಗೇಟಿನ ಪಕ್ಕದ ಕಟ್ಟೆ ಬೇಕಾಗುತ್ತಿತ್ತು. ಮೂರು ವಾರದ ಕೊನೆಗೆ ಪಂಚಾಂಗದಲ್ಲಿ ಎಲ್ಲ ತಿಥಿಗಳ ಪಕ್ಕ ನೂರೈವತ್ತರ ಆಸುಪಾಸಿನ ಅಂಕಿಗಳೇ ಇದ್ದವು. ಡಾಕ್ಟರ್ ಒಪ್ಪಿಗೆ ಕೊಟ್ಟರು. ಘಾಟ್ ಒಂದೇ, ಸೊಸೆ ಜೊತೆಗಿರಬೇಕು, ನಾಡಿ ನೂರಾ ಇಪ್ಪತ್ತು ದಾಟಿದರೆ ಅಲ್ಲೇ ಕೂರಬೇಕು.

ಪಾಲಖಿಯ ದಿನ ರಸ್ತೆ ಮುಚ್ಚುವ ಮೊದಲೇ ಋಷಿಕೇಶ ನಮ್ಮಿಬ್ಬರನ್ನೂ ಘಾಟಿನ ಬುಡದಲ್ಲಿ ಬಿಟ್ಟು ಹೋದ. ತುಂತುರು ಮಳೆ, ಕಣ್ಣು ಹಾಯುವವರೆಗೆ ಜನ. ಭಜನೆ ಹಾಡುತ್ತ ನಡೆಯುವ ಮೊದಲ ತಂಡ, ದಿಂಡಿ, ಹತ್ತಿರ ಬಂದಾಗ ಅತ್ತೆ ಅಭ್ಯಾಸಬಲದಿಂದ ರಸ್ತೆಯ ಅಂಚಿಗೆ ಸರಿದು ನಿಂತರು. ಅಲ್ಲಿಲ್ಲದ ಕೊಡವನ್ನು ಅವರ ಕೈ ಹುಡುಕುತ್ತಿತ್ತು. ನಾನು ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದೆ. ಅವರು ರಸ್ತೆಯೊಳಗೆ ಕಾಲಿಟ್ಟರು. ಮರುಕ್ಷಣ ಪಟ್ಟಿ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದರು.

“ಅತ್ಯಾ, ಡಾಕ್ಟರ್ ಹೇಳ್ಯಾರ.”

“ಇದು ಅವರ ಸುತ್ತಲ್ಲ,” ಎಂದು ಸೆರಗಿನ ಗಂಟಿನಿಂದ ತಾಳ ತೆಗೆದರು.

ಆಮೇಲೆ ಅವರನ್ನು ಹಿಡಿಯುವುದೇ ನನ್ನ ಕೆಲಸವಾಯಿತು. ಪ್ರತಿ ತಿರುವಿನಲ್ಲಿ ಕೂಗಿ ನಿಲ್ಲಿಸಿ, ಅವರ ಮಣಿಕಟ್ಟು ಹಿಡಿದು, ನನ್ನ ಕೈಯ ಪಟ್ಟಿಯಲ್ಲಿ ಸಮಯ ನೋಡುತ್ತ ನಾಡಿ ಎಣಿಸಿದೆ. ತೊಂಬತ್ತಾರು. ನೂರು. ಕಡೆಯ ತಿರುವಿನಲ್ಲಿ ನನ್ನ ಕೈಯ ಪಟ್ಟಿಯೇ ಗುಂಯ್‌ಗುಟ್ಟಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು.

ಘಾಟಿನ ತುದಿಯಲ್ಲಿ ಅತ್ತೆ ತಾವಾಗಿಯೇ ಕೈ ಚಾಚಿದರು. ಎಣಿಸಿದೆ.

“ನೂರಾ ನಾಲ್ಕು.”

“ನಿಂದು?”

ಸುಳ್ಳು ಹೇಳಲು ಉಸಿರೂ ಇರಲಿಲ್ಲ. “ನೂರಾ ಅರವತ್ತೊಂದು.”

ಅತ್ತೆ ಹೆಗಲ ಚೀಲದಿಂದ ತಾಮ್ರದ ತಂಬಿಗೆ ತೆಗೆದರು. ಇಷ್ಟು ವರ್ಷ ರಸ್ತೆಯ ಪಕ್ಕ ನಿಂತು ನೀರು ಕೊಟ್ಟ ಅದೇ ತಂಬಿಗೆ. ಕಲ್ಲಿನ ಮೇಲೆ ಕುಸಿದಿದ್ದ ನನ್ನ ಬಾಯಿಗೆ ಹಿಡಿದರು.

“ಕುಡಿ. ನಾಳೆಯಿಂದ ನಿನ್ನ ಮೂರು ವಾರ ಪಂಚಾಂಗದಾಗ ನಾ ಬರಕೋತೀನಿ.”